ಮಲ್ಲಿಗೆಗೆ ಮೀನಿನ ನೀರು

ಇನ್ನಂಜೆಯ ಅಕ್ಕುವಿನ ಮನೆಯ ಮಲ್ಲಿಗೆ ಬಳ್ಳಿಗೆ ರೇಷನ್ ಕಾರ್ಡಿನಲ್ಲಿ ಹೆಸರಿರಲಿಲ್ಲ, ಅಷ್ಟೇ. ಬಾಕಿ ಮನೆಯವರಿಗಿರುವ ಮರ್ಯಾದೆಯೆಲ್ಲ ಅದಕ್ಕಿತ್ತು. ಸೊಸೆ ದೀಕ್ಷಿತಾಳಿಗೆ ಇದ್ದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು ಎಂದರೂ ತಪ್ಪಿಲ್ಲ. ಬೆಳಿಗ್ಗೆ ಎದ್ದರೆ ಅಕ್ಕು ಮೊದಲು ಬಳ್ಳಿಯ ಬುಡಕ್ಕೆ ಹೋಗುವವಳು. ಗಂಡ ಸುಂದರನಿಗೆ ಚಹಾ ಸಿಗುತ್ತಿದ್ದದ್ದು ಅದರ ನಂತರ.

ನಲವತ್ತೆರಡು ವರ್ಷದ ಹಿಂದೆ ಅಲೆವೂರಿನ ತವರಿನಿಂದ ಮದುವೆಯಾಗಿ ಬರುವಾಗ ಅವಳ ಅಮ್ಮ ಒದ್ದೆ ಗೋಣಿಯ ಚೂರಿನಲ್ಲಿ ಸುತ್ತಿಕೊಟ್ಟ ಒಂದು ಗೇಣು ಗೆಲ್ಲು ಈಗ ಅಂಗಳದ ಬದಿಯ ಚಪ್ಪರವನ್ನೆಲ್ಲ ತುಂಬಿಕೊಂಡಿತ್ತು. ಸುತ್ತಮುತ್ತಲಿನವರು ಮಲ್ಲಿಗೆಯನ್ನು ಸೊಂಟದೆತ್ತರಕ್ಕೆ ಕತ್ತರಿಸಿ ಗಿಡವಾಗಿ ಇಟ್ಟುಕೊಂಡರೆ ಅಕ್ಕು ಇದೊಂದನ್ನು ಬಳ್ಳಿಯಾಗಿಯೇ ಬಿಟ್ಟಿದ್ದಳು. ಮಾರುವ ಹೂವಿಗೆ ಹಿತ್ತಲಿನಲ್ಲಿ ಬೇರೆ ಇಪ್ಪತ್ತು ಗಿಡಗಳಿದ್ದವು. ಬಳ್ಳಿಯ ಹೂ ದೈವಕ್ಕೆ, ದೇವರಿಗೆ ಮತ್ತು ಮನೆಯ ಮದುವೆಗೆ ಮಾತ್ರ. ಅದರ ಮೊಗ್ಗಿನ ತೊಟ್ಟಿನ ಹತ್ತಿರ ಎಳೆಗೆಂಪಿನ ಗೆರೆಯೊಂದು ಇರುತ್ತಿತ್ತು, ಬೇರೆ ಯಾರ ಮಲ್ಲಿಗೆಯಲ್ಲೂ ಇಲ್ಲದ್ದು. ಅಲೆವೂರಿನ ಮನೆ ಮಾರಿಹೋಗಿ ಅಲ್ಲಿ ಬಾಡಿಗೆ ಫ್ಲ್ಯಾಟುಗಳು ಎದ್ದ ಮೇಲೆ ಆ ಜಾತಿಯದ್ದು ಉಳಿದದ್ದು ಇದೊಂದೇ. ಗೆಲ್ಲು ಕೇಳಿದವರಿಗೆ ಅಕ್ಕು ಯಾವತ್ತೂ ಕೊಟ್ಟವಳಲ್ಲ. ಕೊಟ್ಟರೆ ಮನೆಯ ಭಾಗ್ಯ ಗೇಟು ದಾಟುತ್ತದೆಂದು ಅವಳ ನಂಬಿಕೆ. ಕತ್ತರಿಸಿದ ಗೆಲ್ಲುಗಳನ್ನು ಬಚ್ಚಲ ಒಲೆಗೆ ಹಾಕಿ ಬೂದಿ ಮಾಡಿದ ಮೇಲೆಯೇ ಅವಳಿಗೆ ಸಮಾಧಾನ.

ಮಗಳು ಚೈತಾಲಿ ಮಣಿಪಾಲದಲ್ಲಿ ನರ್ಸ್. ಜನವರಿ ಕೊನೆಗೆ ಕಾರ್ಕಳದ ಹುಡುಗನೊಂದಿಗೆ ಅವಳ ಮದುವೆ ನಿಶ್ಚಯವಾಗಿತ್ತು. "ನನ್ನ ಅಮ್ಮನ ಬಳ್ಳಿಯ ಹೂ ಮುಡಿದೇ ಚೈತಾಲಿ ಮಂಟಪ ಹತ್ತುದು" ಎಂದು ಅಕ್ಕು ಸಿಕ್ಕಿದವರಿಗೆಲ್ಲ ಹೇಳಿಯಾಗಿತ್ತು.

ಅಂಥ ಬಳ್ಳಿಯ ಎಲೆ ಆಗಸ್ಟ್ ತಿಂಗಳಿನಲ್ಲಿ ತುದಿಯಿಂದ ಕಂದತೊಡಗಿತು. ಚೌತಿಯ ಹೊತ್ತಿಗೆ ಅಂಚುಗಳೆಲ್ಲ ಸುಟ್ಟ ದೋಸೆಯ ಹಾಗಾದವು.

ನೆರೆಯ ವೆರೊನಿಕಾ ಬಾಯಿ ಬಂದು ನೋಡಿದಳು. ಅವಳಿಗೆ ಅರವತ್ತು ಗಿಡಗಳ ತೋಟವಿತ್ತು. ಅವಳ ಮಗ ರಾಯ್‌ಸ್ಟನ್ ಆ ಬೀದಿಯ ಹೂವನ್ನೆಲ್ಲ ಸ್ಕೂಟರಿನಲ್ಲಿ ಶಂಕರಪುರದ ಹೂವಿನ ವ್ಯಾಪಾರದ ಕಟ್ಟೆಗೆ ಸಾಗಿಸುವವನು. "ಹುಳ ಇಲ್ಲ, ಬೂಷ್ಟು ಇಲ್ಲ. ಬೇರಿಗೆ ಎಂತದೋ ಆಗಿದೆ ಅಕ್ಕು" ಎಂದಳು.

"ಎಂತದೋ ಅಲ್ಲ, ಮೈಲಿಗೆ" ಎಂದಳು ಅಕ್ಕು. ಕಣ್ಣು ಸೊಸೆಯ ಮೇಲಿತ್ತು.

ಮುಟ್ಟಾದ ಹೆಂಗಸು ಮಲ್ಲಿಗೆಯ ಹತ್ತಿರ ಸುಳಿಯಬಾರದೆಂದು ಆ ಮನೆಯಲ್ಲಿ ಕಟ್ಟುನಿಟ್ಟು. ಹದಿನೈದು ದಿನದ ಹಿಂದೆ ಧೋ ಎಂದು ಮಳೆ ಬಂದಾಗ ದೀಕ್ಷಿತಾ ತಂತಿಯ ಮೇಲಿನ ಬಟ್ಟೆ ಎಳೆದುಕೊಳ್ಳಲು ಚಪ್ಪರದ ಪಕ್ಕದಿಂದ ಓಡಿದ್ದಳು. ಅದು ಅವಳ ಎರಡನೆಯ ದಿನವಾಗಿತ್ತು. ಅಕ್ಕು ಅದನ್ನು ಅಡುಗೆಮನೆಯ ಕಿಟಕಿಯಿಂದ ಕಂಡಿದ್ದಳು.

"ನಾನು ಬಟ್ಟೆ ತೆಗೀಲಿಕ್ಕೆ ಹೋದದ್ದು ಮಾಮಿ. ಬಳ್ಳಿ ಮುಟ್ಟಲಿಲ್ಲ."

"ಮುಟ್ಟುದು ಬೇಡ, ನೆರಳು ಸಾಕು. ಅದರ ಮೇಲೆ ನೀನು ಕೆಮ್ಮಣ್ಣು ಊರಿನವಳು. ಉಪ್ಪು ನೀರಲ್ಲಿ ಹುಟ್ಟಿದ ಕೈ. ಆ ಕೈಗೆ ಮಲ್ಲಿಗೆಯ ಬೆಲೆ ಎಂತ ಗೊತ್ತುಂಟು?"

ಇದೇ ಅಕ್ಕು ದಿನಾ ಸಂಜೆ ಮೀನು ತೊಳೆದ ನೀರನ್ನು ಅದೇ ಬುಡಕ್ಕೆ ಹೊಯ್ಯುತ್ತಿದ್ದಳು. ಮೀನಿನ ನೀರು ಬಿದ್ದರೆ ಮಲ್ಲಿಗೆ ಮೈತುಂಬ ಮೊಗ್ಗು ಬಿಡುತ್ತದೆಂದು ಆ ಕಡೆಯವರು ಹೇಳುವುದುಂಟು, ಅದು ಸುಳ್ಳೂ ಅಲ್ಲ. ಸತ್ತ ಮೀನಿನ ನೀರು ಆಗುತ್ತದೆ, ಬದುಕಿರುವ ಹೆಂಗಸಿನ ನೆರಳು ಆಗುವುದಿಲ್ಲ. ಇದು ಯಾವ ಸೀಮೆಯ ನ್ಯಾಯ ಎಂದು ಕೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಚೌತಿ ಕಳೆದ ಭಾನುವಾರ ದೀಕ್ಷಿತಾ ಚಾವಡಿಯ ದೈವದ ಮುಂದೆ ತಪ್ಪುಕಾಣಿಕೆ ಇಡಬೇಕೆಂದು ತೀರ್ಮಾನವಾಯಿತು. ತಪ್ಪು ಮಾಡಿದವರು ಹತ್ತು ಜನರೆದುರು ಕೈಮುಗಿದು, ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿ, ಡಬ್ಬಿಗೆ ನಾಣ್ಯ ಹಾಕುವುದು ರೂಢಿ. ಆ ಬೆಳಿಗ್ಗೆ ದೀಕ್ಷಿತಾ ಗಂಡ ವಿಕಾಸನನ್ನು ಕೋಣೆಯಲ್ಲಿ ತಡೆದು ನಿಲ್ಲಿಸಿದಳು. ಅವನು ಮಣಿಪಾಲದ ಒಂದು ಹಾಸ್ಟೆಲ್ ಮೆಸ್ಸಿನಲ್ಲಿ ಸೂಪರ್‌ವೈಸರ್. ಅಲ್ಲಿ ಮೂವತ್ತು ಜನರಿಗೆ ಜೋರು ಮಾಡುವವನು ಮನೆಯ ಹೊಸಿಲು ದಾಟಿದರೆ ಬೆಕ್ಕಿನಂತಾಗುತ್ತಿದ್ದ.

"ನಾನು ಮುಟ್ಟಲಿಲ್ಲ ಅಂತ ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು ಮಾರಾಯ್ತಿ."

"ಹಾಗಾದ್ರೆ ಹೋಗಿ ಹೇಳಿ."

"ಒಂದು ರೂಪಾಯಿ ಹಾಕಿದ್ರೆ ಎಂತ ಗಂಟು ಹೋಗ್ತದೆ? ಅಮ್ಮನಿಗೆ ಸಮಾಧಾನ ಆಗ್ತದೆ. ಮನೆಯಲ್ಲಿ ಮದುವೆ ಇಟ್ಕೊಂಡು ಗಲಾಟೆ ಬೇಡ."

ಚಾವಡಿಯಲ್ಲಿ ಹತ್ತು ಜನ ಸೇರಿದ್ದರು. ನೆಂಟರು ಆರು ಮಂದಿ, ನೆರೆಯವರು ನಾಲ್ಕು. ವೆರೊನಿಕಾ ಬಾಯಿ ಬಾಗಿಲ ಬಳಿ ನಿಂತು ಸೆರಗು ಹಿಂಡುತ್ತಿದ್ದಳು. ಮಾವ ಸುಂದರ ಕುರ್ಚಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದ. ಮುಂಬೈ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದು ಬಂದ ಮನುಷ್ಯ, ಮನೆಯಲ್ಲಿ ಸೊಸೆಯನ್ನು 'ಮಗಾ' ಎಂದು ಕರೆಯುವವನು ಅವನೊಬ್ಬನೇ. ಅವನಾದರೂ ಒಂದು ಮಾತು ಹೇಳಿಯಾನೆಂದು ದೀಕ್ಷಿತಾ ಕಾದಳು. ಅವನು ಪುಟ ತಿರುವಿದ.

"ತಪ್ಪಾಯ್ತು" ಎಂದಳು ದೀಕ್ಷಿತಾ.

"ಜೋರಾಗಿ ಹೇಳು. ಹಿಂದೆ ಕೂತವರಿಗೆ ಕೇಳಲಿಲ್ಲ" ಎಂದಳು ಅಕ್ಕು.

"ತಪ್ಪಾಯ್ತು."

ನಾಣ್ಯ ಡಬ್ಬಿಯೊಳಗೆ ಟಣ್ ಎಂದಿತು. ಆಮೇಲೆ ಅದೇ ಹತ್ತು ಜನರಿಗೆ ಚಹಾ, ಅವಲಕ್ಕಿ ಕೊಟ್ಟವಳೂ ಅವಳೇ. ಲೋಟಗಳನ್ನು ತೊಳೆಯಲು ಹಿಂದೆ ಒಯ್ದಳು. ಇದನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅವಳು ಅಲ್ಲಿಯೇ, ತೊಳೆಯುವ ಕಲ್ಲಿನ ಹತ್ತಿರವೇ ನಿರ್ಧರಿಸಿದಳು. ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕು ಹಿತ್ತಲಿನಲ್ಲಿ ಮೊಗ್ಗು ಕೊಯ್ಯುತ್ತಿದ್ದಾಗ ದೀಕ್ಷಿತಾ ನೇರ ಚಪ್ಪರದಡಿಗೆ ಹೋದಳು. ಬುಡದ ಸುತ್ತ ಸಿಮೆಂಟಿನ ಕಟ್ಟೆ, ಮೇಲೆ ತಗಡಿನ ಶೀಟು. ಏಪ್ರಿಲಿನಲ್ಲಿ ವಿಕಾಸ್ ಸೆಕೆಂಡ್ ಹ್ಯಾಂಡ್ ಕಾರು ತಂದಾಗ ಅದಕ್ಕೆ ಮಾಡಿಸಿದ ಶೀಟು, ಬಳ್ಳಿಯ ಬುಡವನ್ನೂ ಮುಚ್ಚಿತ್ತು. ಹೊರಗೆ ಜಡಿಮಳೆ ಹೊಯ್ದರೂ ಅಲ್ಲಿಯ ಮಣ್ಣು ಒಣಗಿಯೇ ಇತ್ತು. ಮಣ್ಣಿನ ಮೇಲೆ ತೆಳ್ಳಗೆ ಪದರದಂತೆ ಬಿಳಿಯ ಹೊಪ್ಪಳೆ.

ಕೆಮ್ಮಣ್ಣಿನವರಿಗೆ ಆ ಬಿಳಿ ಗೊತ್ತು. ಹೊಳೆಯ ಉಪ್ಪು ನೀರು ಗದ್ದೆಗೆ ನುಗ್ಗಿದ ವರ್ಷ ಪೈರಿನ ತುದಿ ಹೀಗೆಯೇ ಸುಡುತ್ತದೆ. ಅವಳ ಅಪ್ಪ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿಯೇ ಬಿತ್ತುವುದೋ ಬೇಡವೋ ಎಂದು ಹೇಳುತ್ತಿದ್ದ. ದೀಕ್ಷಿತಾ ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡಳು. ಉಪ್ಪು, ಬರೀ ಉಪ್ಪು.

ಎಲ್ಲಿಂದ ಬಂತೆಂದು ಅವಳು ಹೆಚ್ಚು ಹುಡುಕಬೇಕಾಗಲಿಲ್ಲ. ಜೂನ್, ಜುಲೈಯಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಮನೆಯಲ್ಲಿ ಉಪ್ಪು ಹಾಕಿದ ಮೀನು. ಹಿಂದಿನ ಸಂಜೆ ನೆನೆಹಾಕಿ, ಉಪ್ಪು ಬಿಡಿಸಿ, ಆಮೇಲೆ ಅಡುಗೆ. ಆ ನೆನೆಸಿದ ನೀರೂ ಅಕ್ಕುವಿನ ಲೆಕ್ಕದಲ್ಲಿ ಮೀನಿನ ನೀರೇ. ನಲವತ್ತು ಮಳೆಗಾಲ ಅದನ್ನು ಬುಡಕ್ಕೆ ಹೊಯ್ದವಳು ಅವಳು. ಆಗೆಲ್ಲ ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ಈ ವರ್ಷ ಶೀಟು ಇತ್ತು.

ದೀಕ್ಷಿತಾಳಿಗೆ ನಗು ಬಂತು. ಈಗಲೇ ಓಡಿಹೋಗಿ ಹೇಳಿದರೆ ಏನಾಗುತ್ತದೆ? ಶೀಟು ತೆಗೆಸುತ್ತಾರೆ, ಬಾವಿಯ ನೀರು ಧಾರಾಳವಾಗಿ ಬಿಟ್ಟರೆ ಬಳ್ಳಿ ಚಿಗುರಲೂಬಹುದು. ಅಕ್ಕು, ಓ ಹಾಗಾ, ಎಂದು ಸೆರಗು ಕೊಡವಿಕೊಳ್ಳುತ್ತಾಳೆ. ಡಬ್ಬಿಯಲ್ಲಿ ಬಿದ್ದ ನಾಣ್ಯ ಅಲ್ಲಿಯೇ ಇರುತ್ತದೆ.

ಅವಳು ಹೇಳಲಿಲ್ಲ. ಬಾಯಿ ಮುಕ್ಕಳಿಸಿ ಬಂದು ದೋಸೆ ಹೊಯ್ದಳು. ಆ ದಿನದಿಂದ ಒಂದು ವಾರ ವಿಕಾಸನ ಬುತ್ತಿಯ ಪಲ್ಯಕ್ಕೆ ಉಪ್ಪು ಬೀಳಲಿಲ್ಲ. ಅವನು ಅದನ್ನೂ ಕೇಳಲಿಲ್ಲ.

ಸೆಪ್ಟೆಂಬರಿನ ಮೊದಲ ವಾರ ಅವಳು ಕೆಮ್ಮಣ್ಣಿಗೆ ಹೋಗಿ ಬರುವಾಗ ಒಂದು ಚೀಲ ತುಂಬ ಉಪ್ಪು ಬಂಗುಡೆ, ಒಣ ತೊರಕೆ ಮೀನು ಹೊತ್ತು ತಂದಳು.

"ಇದೆಂತ ಮಗಾ, ಇಷ್ಟೊಂದು?" ಸುಂದರನ ಮುಖ ಅರಳಿತು. ಕುಚ್ಚಲಕ್ಕಿ ಗಂಜಿಗೆ ಉಪ್ಪು ಮೀನು ಸುಟ್ಟು ಮಾಡಿದ ಚಟ್ನಿ ಇದ್ದರೆ ಅವನಿಗೆ ಬೇರೆ ಸ್ವರ್ಗ ಬೇಡ.

"ಅಮ್ಮ ಕಳಿಸಿದ್ದು ಮಾವ. ನಿಮಗೆ ಇಷ್ಟ ಅಲ್ವಾ?"

ಸಂಜೆಗೆ ನಾಲ್ಕು ಬಂಗುಡೆ ನೆನೆಹಾಕಿ ಬೋಗುಣಿಯನ್ನು ಅಡುಗೆಮನೆಯ ಮೆಟ್ಟಿಲ ಮೇಲೆ ಇಟ್ಟಳು. ಮರುದಿನ ಮೀನು ಎತ್ತಿಕೊಂಡ ಮೇಲೆ ಕೂಗಿದಳು. "ಮಾಮಿ, ಮೀನಿನ ನೀರು ಇಟ್ಟಿದ್ದೇನೆ. ನಾನು ಬಳ್ಳಿಯ ಹತ್ತಿರ ಬರುವ ಹಾಗೆ ಇಲ್ಲ, ನೀವೇ ಹೊಯ್ಯಿ."

"ಈಗ ಬುದ್ಧಿ ಬಂತು" ಎಂದು ಅಕ್ಕು ಬೋಗುಣಿ ಎತ್ತಿಕೊಂಡು ಹೋದಳು. ದೀಕ್ಷಿತಾ ಕಿಟಕಿಯಿಂದ ನೋಡಿದಳು. ನೀರು ಬುಡಕ್ಕೆ ಬಿದ್ದದ್ದು ನೋಡಿ ಅವಳಿಗೆ ತುಂಬ ಸಂತೋಷವಾಯಿತು. ಹಾಗೆ ಸಂತೋಷಪಟ್ಟದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಹೀಗೆ ವಾರಗಳು ಕಳೆದವು. ಬಳ್ಳಿ ಸೊರಗಿದಷ್ಟೂ ಅಕ್ಕು ಆರೈಕೆ ಹೆಚ್ಚಿಸಿದಳು. ನೆಲಗಡಲೆ ಹಿಂಡಿ ಕೊಳೆಸಿ ಹಾಕಿದಳು, ಸೆಗಣಿ ನೀರು ಹಾಕಿದಳು. "ಬಳ್ಳಿಗೆ ತ್ರಾಣ ಇಲ್ಲ. ಮೀನಿನ ನೀರು ಸ್ವಲ್ಪ ಹೆಚ್ಚು ಇಡು" ಎಂದು ಸೊಸೆಗೆ ತಾನೇ ಹೇಳಿದಳು.

"ಆಯ್ತು ಮಾಮಿ" ಎಂದು ಸೊಸೆ ನಾಲ್ಕರ ಬದಲು ಆರು ಬಂಗುಡೆ ನೆನೆಹಾಕಿದಳು. ಸುಂದರನ ಪಾಲಿನದ್ದನ್ನು ಅವಳು ಮೂರು ಸಲ ನೀರು ಬದಲಿಸಿ ನೆನೆಸುತ್ತಿದ್ದಳು. ಮಾವನಿಗೆ ಬಿಪಿ ಉಂಟೆಂದು ಅವಳಿಗೆ ಗೊತ್ತಿತ್ತು. ಮೂರು ಸಲದ ನೀರೂ ಬೋಗುಣಿಗೆ ಹೋಗುತ್ತಿತ್ತು.

ಸೆಪ್ಟೆಂಬರ್ ಮಧ್ಯದಲ್ಲಿ ಅಕ್ಕು ಒಣಗಿದ ತುದಿಗಳನ್ನೆಲ್ಲ ಸವರಿ, ಇನ್ನೂ ಹಸಿರಿದ್ದ ಕೆಲವು ಗೆಲ್ಲುಗಳನ್ನೂ ಕತ್ತರಿಸಿ ರಾಶಿ ಹಾಕಿದಳು. "ಎಲ್ಲ ಒಲೆಗೆ ಹಾಕು. ಒಂದು ಕಡ್ಡಿ ಹೊರಗೆ ಹೋಗಬಾರದು."

ಕತ್ತರಿಸಿದ ಗೆಲ್ಲು ಬಳ್ಳಿಯಲ್ಲ, ಕಟ್ಟಿಗೆ. ಅದನ್ನು ಸೊಸೆ ಮುಟ್ಟಬಹುದು. ದೀಕ್ಷಿತಾ ಅದರಲ್ಲಿ ಹನ್ನೆರಡು ಹಸಿ ಗೆಲ್ಲು ಆರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ, ಹುಲ್ಲಿನ ಬುಟ್ಟಿಯಡಿ ಇಟ್ಟು ವೆರೊನಿಕಾ ಬಾಯಿಯ ಮನೆಗೆ ಒಯ್ದಳು.

"ಇದೆಲ್ಲಿಯದ್ದು?" ಎಂದಳು ವೆರೊನಿಕಾ ಬಾಯಿ.

"ಒಲೆಗೆ ಹೋಗ್ತಿತ್ತು. ನಿಮ್ಮಲ್ಲಿ ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ತೊಟ್ಟೆ ಇಡ್ಲಿಕ್ಕೆ ಜಾಗ ಉಂಟಾ ಬಾಯಿ?"

ವೆರೊನಿಕಾ ಬಾಯಿ ಅವಳ ಮುಖವನ್ನೇ ನೋಡಿದಳು. ತಪ್ಪುಕಾಣಿಕೆಯ ದಿನ ಬಾಗಿಲಲ್ಲಿ ನಿಂತದ್ದು ಅವಳಿಗೆ ನೆನಪಿತ್ತು. "ಮಣ್ಣಿಗೆ ಹೊಳೆಯ ಹೊಯಿಗೆ ಸ್ವಲ್ಪ ಹೆಚ್ಚು ಹಾಕು. ಬೇರು ಬೇಗ ಬಿಡ್ತದೆ" ಎಂದಷ್ಟೇ ಹೇಳಿದಳು. ಹನ್ನೆರಡರಲ್ಲಿ ಏಳು ಚಿಗುರಿದವು.

ಅಕ್ಟೋಬರಿನಲ್ಲಿ ಮಲ್ಪೆಗೆ ಬಂಗುಡೆ ರಾಶಿ ಬಂತು. ಮೀನಿನ ಹೆಂಗಸು ಗೇಟಿನ ಹೊರಗೆ ನಿಂತು ಕೂಗುತ್ತಿದ್ದಳು. "ತಾಜಾ ಉಂಟಕ್ಕಾ! ಹೊಳೀತದೆ ನೋಡಿ!"

"ಬೇಡ, ಮನೆಯಲ್ಲಿ ಉಪ್ಪಿನದ್ದು ಉಂಟು" ಎಂದು ದೀಕ್ಷಿತಾ ಒಳಗಿನಿಂದಲೇ ಹೇಳುತ್ತಿದ್ದಳು.

"ಹಸಿ ಮೀನು ಬಂದರೂ ಇದೇ ತಿನ್ನುದಾ?" ಎಂದು ವಿಕಾಸ್ ಒಂದು ದಿನ ತಟ್ಟೆ ನೋಡಿ ಗೊಣಗಿದ.

"ನಿಮ್ಮ ಅಪ್ಪನಿಗೆ ಇಷ್ಟ. ನಿಮಗೆ ಬೇಡದಿದ್ರೆ ಹೋಗಿ ಹೇಳಿ."

ಅವನು ಹೇಳಲಿಲ್ಲ. ಹೇಳುವ ಅಭ್ಯಾಸ ಅವನಿಗೆ ಇರಲಿಲ್ಲವಲ್ಲ.

ದೀಪಾವಳಿಯ ದಿನ ಬಳ್ಳಿಯಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಅಕ್ಕು ಉಗುರಿನಿಂದ ಕಾಂಡ ಕೆರೆದಳು, ಒಳಗೂ ಕಂದು. ಅವಳು ಚಪ್ಪರದ ಕಂಬ ಹಿಡಿದು ಕೆಳಗೆ ಕುಳಿತು ಅತ್ತಳು. "ನನ್ನ ಅಮ್ಮನ ಬಳ್ಳಿ" ಎಂದು ಒಂದೇ ಮಾತು. ಒಳಗೆ ದೀಕ್ಷಿತಾ ಅರಸಿನ ಎಲೆಗೆ ಕಡುಬಿನ ಹಿಟ್ಟು ಸವರುತ್ತಿದ್ದಳು. ಆ ಅಳು ಕೇಳಿ ಅವಳ ಕೈ ಒಂದು ಕ್ಷಣ ನಿಂತಿತು, ನಿಜ. ಆಮೇಲೆ 'ಜೋರಾಗಿ ಹೇಳು, ಹಿಂದೆ ಕೂತವರಿಗೆ ಕೇಳಲಿಲ್ಲ' ಎಂದದ್ದು ನೆನಪಾ‌ಯಿತು. ಎಲೆ ಮಡಚಿ ಹಬೆಯ ಪಾತ್ರೆಯಲ್ಲಿಟ್ಟಳು.

ಅವಳ ಸೇಡಿಗೆ ಅಲ್ಲಿಗೆ ಮುಗಿಯುವ ಭಾಗ್ಯವಿರಲಿಲ್ಲ. ನವೆಂಬರಿನಲ್ಲಿ ಸುಂದರನ ಕಾಲು ಊದಿಕೊಂಡಿತು. ಚಪ್ಪಲಿ ಹೋಗಲಿಲ್ಲ. ಎರಡು ದಿನದಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ಚೈತಾಲಿ ಅಪ್ಪನನ್ನು ಮಣಿಪಾಲಕ್ಕೆ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದಳು. ಬಿಪಿ ಇನ್ನೂರರ ಹತ್ತಿರ.

"ಮನೆಯಲ್ಲಿ ಉಪ್ಪು ಎಷ್ಟು ತಿಂತಾರೆ ಅಂತ ಡಾಕ್ಟರ್ ಕೇಳಿದ್ರು. ನಾನು ಎಂತ ಹೇಳ್ಲಿ?" ಎಂದು ಚೈತಾಲಿ ವಾರ್ಡಿನ ಹೊರಗೆ ಅತ್ತಿಗೆಯನ್ನು ಕೇಳಿದಳು. ದೀಕ್ಷಿತಾ ಗೋಡೆಗೆ ಒರಗಿ ಅಳತೊಡಗಿದಳು. ಮಾವನಿಗೆ ಹೀಗಾಗಬೇಕೆಂದು ಅವಳು ಬಯಸಿರಲಿಲ್ಲ. ಮೂರು ಸಲ ನೀರು ಬದಲಿಸಿದರೆ ಸಾಕೆಂದು ತನಗೆ ತಾನೇ ಹೇಳಿಕೊಂಡಿದ್ದಳು, ಸಾಕಾಗಿರಲಿಲ್ಲ.

ಮಧ್ಯಾಹ್ನ ಉಪ್ಪಿಲ್ಲದ ಗಂಜಿ ಉಣಿಸಲು ಅವಳೊಬ್ಬಳೇ ಇದ್ದಾಗ ಸುಂದರ ಚಮಚ ತಡೆದ.

"ಚೌತಿ ಕಳೆದ ಮೇಲೆ ಒಂದು ದಿನ ನೀನು ಬಳ್ಳಿಯ ಬುಡದ ಮಣ್ಣು ಬಾಯಿಗೆ ಹಾಕಿದ್ದು ನಾನು ನೋಡಿದ್ದೇನೆ ಮಗಾ."

ದೀಕ್ಷಿತಾ ಚಮಚವನ್ನು ಮತ್ತೆ ಬಟ್ಟಲಿಗದ್ದಿದಳು. "ನೋಡಿದ್ರೆ ಯಾಕೆ ಹೇಳಲಿಲ್ಲ ಮಾವ?"

"ನೀನು ನಾಣ್ಯ ಹಾಕುವ ದಿನ ನಾನು ಪೇಪರ್ ಓದಿದ್ದಲ್ವಾ? ಆ ದಿನ ಬಾಯಿ ಬಿಡದವನು ಆಮೇಲೆ ಎಂತ ಹೇಳುದು?" ಅವನು ಬಾಯಿ ತೆರೆದು ಗಂಜಿ ಕುಡಿದ. "ಮೀನು ಒಳ್ಳೆದಿತ್ತು. ಬೇಡ ಅಂತ ನಾನೇ ಹೇಳಬಹುದಿತ್ತು."

ಅವನು ಮನೆಗೆ ಬಂದ ದಿನ ನೋಡಲು ವೆರೊನಿಕಾ ಬಾಯಿ ಎಳನೀರು ಹಿಡಿದು ಬಂದಳು. ಚೈತಾಲಿ ಅಡುಗೆಮನೆಯಲ್ಲಿ ಭರಣಿಯ ಉಪ್ಪು ಮೀನನ್ನೆಲ್ಲ ತೆಗೆದು ತೊಟ್ಟೆಗೆ ತುಂಬುತ್ತಿದ್ದಳು. ನೆನೆಹಾಕಿದ ಬೋಗುಣಿಯೊಂದು ಮೆಟ್ಟಿಲ ಮೇಲೆ ಹಾಗೆಯೇ ಇತ್ತು. ಅಕ್ಕು ಅಭ್ಯಾಸ ಬಲದಿಂದ ಅದನ್ನೆತ್ತಿಕೊಂಡು ಹೊರಟಳು. ಬಳ್ಳಿ ಸತ್ತರೂ ಬೇರು ಎಲ್ಲೋ ಒಂದು ಕಡೆ ಜೀವ ಇಟ್ಟುಕೊಂಡಿರಬಹುದೆಂಬ ಆಸೆ ಅವಳಿಗೆ.

"ಅದೆಲ್ಲಿಗೆ ಅಮ್ಮ?" ಎಂದಳು ಚೈತಾಲಿ.

"ಬಳ್ಳಿಗೆ. ಮೀನಿನ ನೀರು."

ವೆರೊನಿಕಾ ಬಾಯಿ ಬೆರಳದ್ದಿ ನಾಲಿಗೆಗೆ ಹಚ್ಚಿ ಥೂ ಎಂದು ಉಗುಳಿದಳು. "ಇದನ್ನಾ ಹೊಯ್ತಿದ್ದದ್ದು? ಅಕ್ಕು, ಇದು ಮೀನು ತೊಳೆದ ನೀರಲ್ಲ ಮಾರಾಯ್ತಿ. ಇದು ಸಮುದ್ರ!"

ಅಕ್ಕು ಬೋಗುಣಿ ಹಿಡಿದು ನಿಂತೇ ಇದ್ದಳು. ತಗಡಿನ ಶೀಟು ನೋಡಿದಳು, ಕಟ್ಟೆಯ ಬಿಳಿ ಹೊಪ್ಪಳೆ ನೋಡಿದಳು. ಕೊನೆಗೆ ಸೊಸೆಯನ್ನು ನೋಡಿದಳು.

"ಬೋಟು ಇಳಿದು ನಾಲ್ಕು ತಿಂಗಳಾಯ್ತು. ಗೇಟಿಗೆ ಹಸಿ ಬಂಗುಡೆ ಬಂದರೂ ಬೇಡ ಅಂದವಳು ನೀನು. ಕೆಮ್ಮಣ್ಣಿನ ಹೆಣ್ಣು ಸೆಪ್ಟೆಂಬರಿನಲ್ಲಿ ಉಪ್ಪು ಮೀನು ತರುದಾ? ನಿನಗೆ ಗೊತ್ತಿತ್ತಾ ದೀಕ್ಷಿತಾ?"

"ನಾನು ಬಳ್ಳಿಯ ಹತ್ತಿರ ಹೋಗಬಾರದು ಅಂತ ನೀವೇ ಹೇಳಿದ್ದಲ್ವಾ ಮಾಮಿ? ಹತ್ತಿರ ಹೋಗದವಳಿಗೆ ಎಂತ ಗೊತ್ತಾಗ್ತದೆ?"

"ಮಾತು ತಿರುಗಿಸಬೇಡ!" ವಿಕಾಸ್ ಮೊದಲ ಬಾರಿ ದನಿ ಎತ್ತಿದ. "ಅಪ್ಪನ ಪ್ರಾಣಕ್ಕೆ ಬಂದಿತ್ತು!"

"ಕಿರುಚಬೇಡ. ನಾನು ಕೇಳಿ ಹಾಕಿಸಿಕೊಂಡು ತಿಂದದ್ದು" ಎಂದು ಸುಂದರ ಚಾವಡಿಯಿಂದಲೇ ಹೇಳಿದ. "ಆ ಶೀಟು ಹಾಕಿಸಿದ್ದು ಯಾರು? ನೀರು ಹೊಯ್ದದ್ದು ಯಾರು? ಅವಳು ಬಟ್ಟೆ ತೆಗೀಲಿಕ್ಕೆ ಓಡಿದ್ದು, ಅಷ್ಟೇ."

ವಿಕಾಸ್ ಒಳಗೆ ಹೋದ. ಅಕ್ಕು ಆ ನೀರನ್ನು ಚರಂಡಿಗೆ ಚೆಲ್ಲಿ ಬಂದಳು. ಅವತ್ತಿನಿಂದ ಅತ್ತೆ ಸೊಸೆ ಒಂದೇ ಒಲೆಯಲ್ಲಿ ಬೇಯಿಸಿದರೂ ಮಾತು ನಿಂತಿತು. ಉಪ್ಪಿನ ಡಬ್ಬಿ ಬೇಕಾದರೆ ಇಬ್ಬರೂ ಚೈತಾಲಿಯ ಹತ್ತಿರ ಕೇಳುತ್ತಿದ್ದರು, ಅವಳಿಲ್ಲದಿದ್ದರೆ ಗೋಡೆಯ ಹತ್ತಿರ.

ಜನವರಿ ಎರಡನೆಯ ವಾರ ಮದುವೆಯ ಕಾಗದ ಕೊಡಲು ಅಕ್ಕು ವೆರೊನಿಕಾ ಬಾಯಿಯ ಮನೆಗೆ ಹೋದಳು. ತೋಟದ ಮೂಲೆಯಲ್ಲಿ ಏಳು ಗ್ರೋ ಬ್ಯಾಗುಗಳು. ಗಿಡಗಳು ಮೊಣಕಾಲೆತ್ತರ. ಒಂದರಲ್ಲಿ ಮೊಗ್ಗಿತ್ತು. ತೊಟ್ಟಿನ ಹತ್ತಿರ ಎಳೆಗೆಂಪಿನ ಗೆರೆ.

ಅಕ್ಕು ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು. "ಇದು ನನ್ನ ಅಮ್ಮನದ್ದು. ನಿನಗೆಲ್ಲಿ ಸಿಕ್ಕಿತು?"

"ನನ್ನದಲ್ಲ ಅಕ್ಕು. ನಿನ್ನ ಸೊಸೆಯದ್ದು. ಅವಳನ್ನು ಕೇಳು."

ಮಧ್ಯಾಹ್ನ ಊಟ ಬಡಿಸುವಾಗ ಅಕ್ಕು ಎರಡು ತಿಂಗಳ ಮೌನ ಮುರಿದಳು. "ನನಗೆ ಒಂದು ಗಿಡ ಕೊಡು."

ದೀಕ್ಷಿತಾ ಸಾರು ಬಡಿಸುತ್ತಲೇ ಹೇಳಿದಳು. "ತಪ್ಪುಕಾಣಿಕೆ ಇಡಿ. ಅದೇ ಚಾವಡಿ, ಅದೇ ಹತ್ತು ಜನ. ಹಿಂದೆ ಕೂತವರಿಗೂ ಕೇಳಬೇಕು."

"ಅತ್ತಿಗೆ, ಮದುವೆ ಹತ್ತಿರ ಬಂತು" ಎಂದು ಚೈತಾಲಿ ಮೆಲ್ಲಗೆ ಹೇಳಿದಳು.

"ನನ್ನ ನಾಣ್ಯದ ದಿನವೂ ಮದುವೆಯ ಮಾತೇ ಇತ್ತು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಚೈತಾಲಿ. ಏಳು ಗಿಡದಲ್ಲಿ ಎಷ್ಟು ಮೊಗ್ಗು ಬಂದರೂ ಅದು ನಿನ್ನ ತಲೆಗೇ. ಅದಕ್ಕೆ ಯಾರೂ ಕಾಣಿಕೆ ಇಡುದು ಬೇಡ. ಗಿಡಕ್ಕೆ ಮಾತ್ರ ಬೇಕು."

ಅಕ್ಕು ಊಟ ಬಿಟ್ಟು ಎದ್ದಳು. ಎರಡು ದಿನ ಯೋಚಿಸಿದಳು. ಮೂರನೆಯ ದಿನ, ಭಾನುವಾರ ಇಡುತ್ತೇನೆ ಎಂದಳು.

ಜನರಿಗೆ ಫೋನ್ ಮಾಡಿದವಳು ದೀಕ್ಷಿತಾಳೇ. ಒಬ್ಬೊಬ್ಬರ ಹೆಸರೂ ಅವಳಿಗೆ ನೆನಪಿತ್ತು. ಆ ಬೆಳಿಗ್ಗೆ ಹತ್ತು ಜನ ಬಂದು ಅದೇ ಜಾಗಗಳಲ್ಲಿ ಕುಳಿತರು. ಸುಂದರನ ಕೈಯಲ್ಲಿ ಪೇಪರ್ ಇರಲಿಲ್ಲ. ದೀಕ್ಷಿತಾ ಮಾತ್ರ ಒಳಗೆ ಬರದೆ ಅಂಗಳದ ಮೆಟ್ಟಿಲ ಮೇಲೆಯೇ ಗಿಡದ ತೊಟ್ಟೆ ಇಟ್ಟುಕೊಂಡು ನಿಂತಳು. ಅತ್ತೆಯ ಮರ್ಯಾದೆಗೆ ದೂರ ನಿಂತಳೆಂದು ನೆಂಟರು ಅಂದುಕೊಂಡರು.

ಅಕ್ಕು ಕೈಮುಗಿದಳು. "ತಪ್ಪಾಯ್ತು. ಬಳ್ಳಿಗೆ ಉಪ್ಪು ನೀರು ಹೊಯ್ದದ್ದು ನಾನು. ಸೊಸೆ ಮುಟ್ಟಲಿಲ್ಲ." ಸ್ವರ ಜೋರಾಗಿಯೇ ಇತ್ತು. ನಾಣ್ಯ ಟಣ್ ಎಂದಿತು. ಆಮೇಲೆ ಅವಳು ತಿರುಗಿ ನಿಂತಳು. ಸೋತು ಸುಮ್ಮನಾಗುವ ಹೆಂಗಸಾಗಿದ್ದರೆ ಅವಳು ಅಕ್ಕುವೇ ಆಗಿರುತ್ತಿರಲಿಲ್ಲ.

"ನಾನು ಗೊತ್ತಿಲ್ಲದೆ ಹೊಯ್ದವಳು, ಒಂದು ರೂಪಾಯಿ ಹಾಕಿದೆ. ಗೊತ್ತಿದ್ದೂ ಹೊಯ್ಯಿಸಿದವಳು ಎಷ್ಟು ಹಾಕಬೇಕು? ಅದನ್ನೂ ಈ ಹತ್ತು ಜನ ಹೇಳಲಿ."

ಎಲ್ಲರ ಕಣ್ಣೂ ಮೆಟ್ಟಿಲ ಕಡೆ ತಿರುಗಿತು. ವಿಕಾಸ್ ನೆಲ ನೋಡಿದ.

"ಗೊತ್ತಿತ್ತು ಮಾಮಿ" ಎಂದಳು ದೀಕ್ಷಿತಾ. "ನಾಣ್ಯ ಹಾಕಿದ ಮರುದಿನ ಗೊತ್ತಾಯ್ತು. ಅಲ್ಲಿಯವರೆಗೆ ನಾನು ಎಂತ ತಪ್ಪೂ ಮಾಡಿರಲಿಲ್ಲ. ಕಾಣಿಕೆ ನಾನು ಮೊದಲೇ ಇಟ್ಟಿದ್ದೇನಲ್ಲ? ತಪ್ಪು ಮಾತ್ರ ಆಮೇಲೆ ಮಾಡಿದೆ."

ಸುಂದರ ಒಮ್ಮೆ ಕೆಮ್ಮಿ, "ಸರಿಯೇ ಉಂಟು" ಎಂದ. ನೆಂಟರು ಚಹಾಕ್ಕೂ ನಿಲ್ಲದೆ ಚಪ್ಪಲಿ ಹುಡುಕಿದರು.

ಅಕ್ಕು ಮೆಟ್ಟಿಲಿಳಿದು ಬಂದಳು. ತೊಟ್ಟೆಯನ್ನು ತೆಗೆದು ಅಂಗಳದಾಚೆ ಬಿಸಾಡಿಬಿಡಬೇಕೆಂದು ಅವಳಿಗೆ ಅನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಬಿಸಾಡುವ ಹಾಗಿರಲಿಲ್ಲ, ಅದು ಅವಳ ಅಮ್ಮನ ಬಳ್ಳಿ. ಎರಡೂ ಕೈಯಲ್ಲಿ ಎತ್ತಿಕೊಂಡು, ಶೀಟಿನಿಂದ ದೂರ ಬಾವಿಯ ಬದಿಯಲ್ಲಿ ನಿನ್ನೆಯೇ ತೋಡಿಟ್ಟ ಹೊಸ ಗುಂಡಿಯ ಹತ್ತಿರ ಕುಳಿತಳು. ತೊಟ್ಟೆ ಹರಿದು, ಬೇರಿನ ಮಣ್ಣು ಉದುರದಂತೆ ಎರಡೂ ಕೈಯಿಂದ ಒತ್ತಿ ಹಿಡಿದು ಗುಂಡಿಗಿಳಿಸಿದಳು. ಬಿಸಿಲು ಏರಿತ್ತು. ಎಳೆಯ ಎಲೆಗಳು ಆಗಲೇ ಬಾಡತೊಡಗಿದ್ದವು.

"ನೀರು" ಎಂದಳು ತಲೆಯೆತ್ತದೆ.

ದೀಕ್ಷಿತಾ ಬಾವಿಯಿಂದ ಸೇದಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಬಂದು ಗುಂಡಿಯ ಪಕ್ಕ ನಿಂತಳು. ಅವಳ ನೆರಳು ಗಿಡದ ಮೇಲೆ ಬಿತ್ತು.

"ಹೊಯ್ಯಲಾ ಮಾಮಿ? ಇವತ್ತು ನನ್ನ ಎರಡನೇ ದಿನ."

ಅಕ್ಕು ತಟ್ಟನೆ ಮುಖವೆತ್ತಿದಳು. ಸೊಸೆ ಚಾವಡಿಗೆ ಬಾರದೆ ಮೆಟ್ಟಿಲ ಮೇಲೆ ನಿಂತದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು. ಆ ಕೈಯಲ್ಲಿಯೇ ಗಿಡ ಬಂದಿತ್ತು, ಆ ಕೈಯಲ್ಲಿಯೇ ಈಗ ಕೊಡವಿತ್ತು. ಕೈ ಬಿಟ್ಟರೆ ಬೇರಿನ ಮಣ್ಣು ಕಳಚುತ್ತದೆ. ಬೇರೆಯವರನ್ನು ಕರೆಯೋಣವೆಂದರೆ ಅಂಗಳದಲ್ಲಿ ಯಾರೂ ಉಳಿದಿರಲಿಲ್ಲ. ಗಿಡದ ತುದಿ ಇನ್ನಷ್ಟು ಜೋತಿತು.

ದೀಕ್ಷಿತಾ ಅವಸರ ಮಾಡಲಿಲ್ಲ. ಕೊಡ ಹಿಡಿದು ಕಾದಳು.

"ಹೊಯ್ಯಿ" ಎಂದಳು ಅಕ್ಕು.